1969ರ ಕ್ಯಾಮರೋ: ಕ್ರೋಮ್ ಟೋಪಿ ತೆಗೆದು ಪಿಸಿವಿ ಮರಳಿ ಕೂರಿಸಿದ್ದು

ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೆ ರಾಚುತ್ತಿದ್ದುದು ಎರಡು ಕ್ರೋಮ್ ಟೋಪಿಗಳು. ಎಂಜಿನ್‌ನ ತಲೆಯನ್ನು ಮುಚ್ಚುವ ಎರಡು ವಾಲ್ವ್ ಕವರ್‌ಗಳ ಮೇಲೆ ಒಂದೊಂದು, ಒಳಗೆ ಸ್ಪಂಜಿನಂಥ ಫಿಲ್ಟರ್, ಸುತ್ತಲೂ ಜಿಡ್ಡಿನ ಕಂದು ಉಂಗುರ. ಕಾರ್ಬ್ಯುರೇಟರ್‌ನ ತಳದಲ್ಲಿ ಪಿಸಿವಿ (ಎಂಜಿನ್‌ನ ಹೊಟ್ಟೆಯಲ್ಲಿ ಸೇರುವ ಅನಿಲವನ್ನು ಎಳೆದು ಮತ್ತೆ ಉರಿಸುವ ವ್ಯವಸ್ಥೆ) ಹೋಸ್ ಕೂರಬೇಕಾಗಿದ್ದ ದಪ್ಪ ನಳಿಗೆಗೆ ಯಾರೋ ರಬ್ಬರ್ ಬಿರಡೆ ತುರುಕಿದ್ದರು. ಏರ್ ಕ್ಲೀನರ್ ಡಬ್ಬಿಯಲ್ಲಿ ಉಸಿರು ನಳಿಗೆ ಸೇರಬೇಕಾದ ತೂತಿಗೆ ಅಲ್ಯೂಮಿನಿಯಂ ಟೇಪು. ಹಿಂದಿನ ಮಾಲೀಕರಲ್ಲಿ ಯಾರೋ ಒಬ್ಬರು ಎಂಜಿನ್ ನೋಡಲು ಅಚ್ಚುಕಟ್ಟಾಗಿರಲಿ ಎಂದು ಹೋಸ್‌ಗಳನ್ನೆಲ್ಲ ಕಿತ್ತು ಹಾಕಿದ್ದರು. ಹೊರಗಿನಿಂದ ಅಚ್ಚುಕಟ್ಟು, ಒಳಗೆ ಗಬ್ಬು.

ಕಾರು 1969ರ ಷೆವರ್ಲೆ ಕ್ಯಾಮರೋ ಎಸ್‌ಎಸ್. ಎಂಜಿನ್ 350 ಘನ ಅಂಗುಲದ ವಿ8, ನಮ್ಮ ಲೆಕ್ಕದಲ್ಲಿ 5.7 ಲೀಟರ್. ಕಂಪನಿ ಆಗ ಹೇಳಿಕೊಂಡ ಶಕ್ತಿ 300 ಅಶ್ವಶಕ್ತಿ. ಮೇಲೆ ರಾಚೆಸ್ಟರ್ ಕ್ವಾಡ್ರಾಜೆಟ್ ಕಾರ್ಬ್ಯುರೇಟರ್. ಬ್ಲಾಕ್‌ನ ಮುಂಭಾಗದ ಸಣ್ಣ ಪಟ್ಟಿಯ ಮೇಲೆ ಒತ್ತಿದ ಅಚ್ಚಿನಲ್ಲಿ ಮೊದಲ ಅಕ್ಷರ 'ವಿ', ಅಂದರೆ ಮಿಷಿಗನ್‌ನ ಫ್ಲಿಂಟ್ ಕಾರ್ಖಾನೆಯ ಎಂಜಿನ್. ಕಾರು ಜೋಡಣೆಯಾದದ್ದು ಓಹಾಯೋದ ನಾರ್‌ವುಡ್‌ನಲ್ಲಿ. ನಾನಿರುವ ಡೆಟ್ರಾಯಿಟ್ ಹೊರವಲಯದಿಂದ ಫ್ಲಿಂಟ್‌ಗೆ ಒಂದು ಗಂಟೆಯ ದಾರಿ. ಎಂಜಿನ್ ತವರಿನ ಹತ್ತಿರವೇ ಬಂದು ಬಿದ್ದಿದೆ ಎನ್ನಬೇಕು.

ಬ್ಲಾಕ್ ಅಸಲಿ. ಕ್ವಾಡ್ರಾಜೆಟ್ ಮೇಲಿನ ಸಂಖ್ಯೆಯೂ ತಾಳೆಯಾಯಿತು. ಸಿಲಿಂಡರ್‌ಗಳಿಗೆ ಗಾಳಿ, ಇಂಧನ ಹಂಚುವ ಇಂಟೇಕ್ ಮ್ಯಾನಿಫೋಲ್ಡ್‌ನ ಎರಕದ ದಿನಾಂಕ ಕಾರಿನ ಜೋಡಣೆಯ ದಿನಾಂಕಕ್ಕಿಂತ ಹಿಂದಿನದೇ. ಕೈಬಿಟ್ಟು ಹೋಗಿದ್ದುದು ಗಾಳಿಯಾಟದ ಭಾಗಗಳು ಮಾತ್ರ: ಪಿಸಿವಿ ವಾಲ್ವ್, ಅದನ್ನು ಹಿಡಿಯುವ ರಬ್ಬರ್ ಬಳೆ (ಗ್ರೋಮೆಟ್), ಹೋಸ್, ಉಸಿರು ನಳಿಗೆ, ಎಣ್ಣೆಯ ಮುಚ್ಚಳ ಮತ್ತು ಈ ಎಲ್ಲವನ್ನೂ ಹೊರುವ ವಾಲ್ವ್ ಕವರ್‌ಗಳು. ಹಳೆಯ ಕಾರುಗಳ ನಂಟು ಇರುವವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಎಂಜಿನ್ ಬ್ಲಾಕನ್ನು ಯಾರೂ ಬಿಸಾಡುವುದಿಲ್ಲ. ಸರ್ವಿಸ್ ಮಾಡಿದಾಗಲೆಲ್ಲ ಬದಲಿಸಿ ಕಸದ ಬುಟ್ಟಿಗೆ ಹಾಕಿದ ಎರಡಂಗುಲದ ವಾಲ್ವ್ ಮಾತ್ರ ಐವತ್ತು ವರ್ಷದ ಮೇಲೆ ಹುಡುಕಿದರೆ ಎಲ್ಲಿಂದ ಸಿಗಬೇಕು?

ಮೊದಲು ರೋಗದ ಲಕ್ಷಣ. ಟೋಪಿಯೊಂದನ್ನು ಎಳೆದು ತೆಗೆದಾಗ ಅದರ ಅಡಿಯಲ್ಲಿ ಹಾಲು ಬೆರೆಸಿದ ಕಾಫಿ ಬಣ್ಣದ ನೊರೆ ಮೆತ್ತಿಕೊಂಡಿತ್ತು. ಬೆರಳಿನಲ್ಲಿ ಉಜ್ಜಿದರೆ ಜಾರುತ್ತದೆ, ಮೂಸಿದರೆ ಹುಳಿ ವಾಸನೆ. ನೀರು ಮತ್ತು ಎಣ್ಣೆ ಕಡೆದು ಆದ ಕೆಸರು ಅದು. ರೇಡಿಯೇಟರ್ ನೀರು ಎಂಜಿನ್ ಒಳಗೆ ಸೋರುತ್ತಿದೆಯೇ ಎಂಬ ಭಯ ಇದನ್ನು ಕಂಡವರಿಗೆಲ್ಲ ಬರುತ್ತದೆ. ಕೂಲಿಂಗ್ ವ್ಯವಸ್ಥೆಗೆ ಒತ್ತಡ ಕೊಟ್ಟು ನೋಡಿದೆ, ಮುಳ್ಳು ಕದಲಲಿಲ್ಲ. ಹಾಗಾದರೆ ಈ ನೀರು ಬೇರೆ ಕಡೆಯಿಂದ ಬಂದದ್ದು.

ಪೆಟ್ರೋಲ್ ಉರಿದರೆ ನೀರಿನ ಆವಿ ಹುಟ್ಟುತ್ತದೆ. ಒಂದು ಲೀಟರ್ ಪೆಟ್ರೋಲಿಗೆ ಸುಮಾರು ಒಂದು ಲೀಟರ್ ನೀರು. ಹೆಚ್ಚಿನದು ಸೈಲೆನ್ಸರ್ ದಾರಿಯಲ್ಲಿ ಹೊರಗೆ ಹೋಗುತ್ತದೆ. ಸ್ವಲ್ಪ ಮಾತ್ರ ಪಿಸ್ಟನ್ ರಿಂಗ್‌ಗಳ ಸಂದಿಯಲ್ಲಿ ನುಸುಳಿ, ಅರೆ ಉರಿದ ಇಂಧನ ಮತ್ತು ಆಮ್ಲದ ಅಂಶಗಳ ಜೊತೆ ಎಂಜಿನ್‌ನ ಹೊಟ್ಟೆಯಾದ ಕ್ರ್ಯಾಂಕ್‌ಕೇಸ್‌ಗೆ ಇಳಿಯುತ್ತದೆ. ಇದಕ್ಕೆ ಬ್ಲೋ-ಬೈ ಎನ್ನುತ್ತಾರೆ. ಹೊಸ ಎಂಜಿನ್‌ನಲ್ಲೂ ಇದು ತಪ್ಪಿದ್ದಲ್ಲ. ಈ ಅನಿಲವನ್ನು ಎಳೆದು ಹೊರಹಾಕುವ ವ್ಯವಸ್ಥೆ ಇಲ್ಲದಿದ್ದರೆ ಅದು ಎರಡು ಕೆಡುಕು ಮಾಡುತ್ತದೆ: ತಣ್ಣಗಾದಾಗ ನೀರಾಗಿ ಎಣ್ಣೆಯೊಳಗೆ ಬೆರೆಯುತ್ತದೆ, ಬಿಸಿಯಲ್ಲಿ ಒತ್ತಡವಾಗಿ ಸೀಲ್‌ಗಳನ್ನು ಹೊರದಬ್ಬುತ್ತದೆ. ಈ ಕಾರು ನಿಂತ ಜಾಗದಲ್ಲಿ ಕ್ರ್ಯಾಂಕ್‌ನ ಹಿಂಭಾಗದ ಸೀಲ್‌ನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಗ್ಯಾರೇಜಿನ ತುಂಬಾ ಸುಟ್ಟ ಎಣ್ಣೆಯ ಕಮಟು. ಕ್ರೋಮ್ ಟೋಪಿಗಳು ಕೇವಲ ಬಾಯಿ. ಅವು ಒತ್ತಡವನ್ನು ಬಿಟ್ಟುಕೊಡುತ್ತವೆ, ಒಳಗಿನದನ್ನು ಎಳೆದು ತೆಗೆಯುವುದಿಲ್ಲ. ಅದರಲ್ಲೂ ವಾರಕ್ಕೊಮ್ಮೆ ಹತ್ತು ಮೈಲಿ ಓಡಿ ಮತ್ತೆ ಮಿಷಿಗನ್‌ನ ಚಳಿಯಲ್ಲಿ ನಿಲ್ಲುವ ಕಾರಿಗೆ ಇದು ಕಾಲಕೂಟ.

1969ರ ಕಾರಿಗೆ ಯಾವ ವ್ಯವಸ್ಥೆ ಸರಿ ಎಂದು ತಿಳಿಯಲು ಸ್ವಲ್ಪ ಚರಿತ್ರೆ ಬೇಕಾಗುತ್ತದೆ. ಇಲ್ಲದಿದ್ದರೆ ಕ್ಯಾಟಲಾಗ್‌ನಲ್ಲಿ 'ಕ್ಲಾಸಿಕ್ ಷೆವರ್ಲೆಗೆ ಹೊಂದುತ್ತದೆ' ಎಂದು ಬರೆದಿದ್ದನ್ನೆಲ್ಲ ತಂದು ಹಾಕುವಂತಾಗುತ್ತದೆ. 1950ರ ದಶಕದ ಕಾರುಗಳಲ್ಲಿ ಇದ್ದುದು ರೋಡ್ ಡ್ರಾಫ್ಟ್ ಟ್ಯೂಬ್. ಎಂಜಿನ್‌ನ ಹಿಂಭಾಗದಿಂದ ಕೆಳಕ್ಕೆ ಇಳಿಬಿಟ್ಟ ಕೊಳವೆ. ಕಾರು ಓಡುವಾಗ ಅಡಿಯಲ್ಲಿ ಬೀಸುವ ಗಾಳಿ ಅದರ ಬಾಯಿಯಿಂದ ಅನಿಲವನ್ನು ಸೆಳೆಯುತ್ತಿತ್ತು. ಕಾರು ನಿಂತಿದ್ದರೆ ಸೆಳೆತವೂ ಇಲ್ಲ. ಸೆಳೆದದ್ದು ನೇರ ರಸ್ತೆಗೆ. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ವಿಜ್ಞಾನ ಸಂಸ್ಥೆಯ ಆರಿ ಹಾಗನ್-ಸ್ಮಿತ್ ಅವರು ಲಾಸ್ ಏಂಜಲೀಸ್‌ನ ಕಣ್ಣುರಿಸುವ ಹೊಗೆಮಂಜಿಗೆ ವಾಹನಗಳ ಹೈಡ್ರೊಕಾರ್ಬನ್‌ಗಳೂ ಬಿಸಿಲೂ ಕಾರಣ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿದ ಮೇಲೆ ಎಲ್ಲರ ಕಣ್ಣು ಈ ಕೊಳವೆಯ ಮೇಲೂ ಬಿತ್ತು. ಕಾರೊಂದು ಹೊರಬಿಡುವ ಹೈಡ್ರೊಕಾರ್ಬನ್‌ನಲ್ಲಿ ಸುಮಾರು ಐದನೇ ಒಂದು ಪಾಲು ಬರುತ್ತಿದ್ದುದು ಕ್ರ್ಯಾಂಕ್‌ಕೇಸ್‌ನಿಂದ. ಅದನ್ನು ತಡೆಯುವುದು ಅಗ್ಗವೂ ಆಗಿತ್ತು: ಅನಿಲವನ್ನು ಮತ್ತೆ ಇಂಟೇಕ್‌ಗೆ ಎಳೆದು ಉರಿಸಿಬಿಟ್ಟರೆ ಆಯಿತು.

ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಗಳಿಂದ ಪಿಸಿವಿ ಬಂತು. 1963ರ ಹೊತ್ತಿಗೆ ಕಂಪನಿಗಳು ದೇಶದಾದ್ಯಂತ ಅಳವಡಿಸಿದವು. ಆದರೆ ಆರಂಭದ ಬಹುತೇಕ ವ್ಯವಸ್ಥೆಗಳು 'ತೆರೆದ' ಬಗೆಯವು. ಹೊಸ ಗಾಳಿ ಜಾಲರಿಯಿದ್ದ ಎಣ್ಣೆ ಮುಚ್ಚಳದಿಂದ ಒಳಬರುತ್ತಿತ್ತು. ಎಂಜಿನ್ ಜೋರಾಗಿ ದುಡಿದಾಗ ಹೆಚ್ಚಾದ ಅನಿಲ ಅದೇ ಮುಚ್ಚಳದಿಂದ ಹೊರಗೂ ಹೋಗುತ್ತಿತ್ತು. 'ಮುಚ್ಚಿದ' ಬಗೆಯಲ್ಲಿ ಎಣ್ಣೆ ಮುಚ್ಚಳಕ್ಕೆ ತೂತಿಲ್ಲ. ಗಾಳಿ ಏರ್ ಕ್ಲೀನರ್‌ನಿಂದ ಹೋಸ್ ಮೂಲಕ ಬರುತ್ತದೆ, ಹೆಚ್ಚಾದದ್ದು ಅದೇ ಹೋಸ್‌ನಲ್ಲಿ ಹಿಂದಿರುಗಿ ಕಾರ್ಬ್ಯುರೇಟರ್ ಬಾಯಿಗೇ ಸೇರುತ್ತದೆ. 1968ರ ಮಾದರಿಗಳಿಂದ ಫೆಡರಲ್ ನಿಯಮವೇ ಕ್ರ್ಯಾಂಕ್‌ಕೇಸ್ ಅನಿಲ ಹೊರಗೆ ಬಿಡಕೂಡದು ಎಂದಿತು. ಅಂದ ಮೇಲೆ 1969ರ ಕ್ಯಾಮರೋದಲ್ಲಿ ತೆರೆದ ಮುಚ್ಚಳ ಯಾವ ಲೆಕ್ಕದಲ್ಲಿಯೂ ಅಸಲಿಯಾಗಲಾರದು. 1966ರ ಕ್ಯಾಟಲಾಗ್‌ನಿಂದ ಚೆಂದದ ಜಾಲರಿ ಮುಚ್ಚಳ ತಂದು 1969ರ ಎಂಜಿನ್ ಮೇಲೆ ಕೂರಿಸಿದ ಕಾರುಗಳು ಪ್ರದರ್ಶನಗಳಲ್ಲಿ ಬೇಕಾದಷ್ಟು ಕಾಣಸಿಗುತ್ತವೆ. ಲಕ್ಷಗಟ್ಟಲೆ ಸುರಿದು ಬಣ್ಣ ಹೊಡೆಸಿದವರೂ ಇಲ್ಲಿ ಎಡವುತ್ತಾರೆ.

ಈ 350 ಕೂಡ ಸೇರಿರುವ ಸ್ಮಾಲ್ ಬ್ಲಾಕ್ ಷೆವರ್ಲೆ ಎಂಜಿನ್ ಕುಟುಂಬದಲ್ಲಿ ಈ ಬದಲಾವಣೆಯ ಗುರುತು ಎರಕದಲ್ಲೇ ಉಳಿದಿದೆ. 1955ರಿಂದ 1967ರವರೆಗಿನ ಬ್ಲಾಕ್‌ಗಳ ಹಿಂಭಾಗದಲ್ಲಿ, ಇಂಟೇಕ್‌ನ ಹಿಂದೆ, ಡ್ರಾಫ್ಟ್ ಟ್ಯೂಬ್‌ಗಾಗಿ ಒಂದು ತೂತು ಇರುತ್ತಿತ್ತು. ಅದರ ಕೆಳಗೆ ವಾಲ್ವ್‌ಗಳನ್ನು ಎತ್ತುವ ಲಿಫ್ಟರ್‌ಗಳು ಇರುವ ಕಣಿವೆಯಲ್ಲಿ ಒಂದು ತಗಡಿನ ಡಬ್ಬಿ, ಎಣ್ಣೆಯ ಹನಿಗಳನ್ನು ಬೇರ್ಪಡಿಸಲು. 1968ರಿಂದ ಆ ತೂತು ಇಲ್ಲ. 1967ರ ಎಂಜಿನ್ ಇರುವವರು ಗಮನಿಸಬೇಕಾದ ಮಾತು: ಎಂಜಿನ್ ಬಿಚ್ಚಿ ಕಟ್ಟಿದ ಅಂಗಡಿಗಳಲ್ಲಿ ಆ ಡಬ್ಬಿ ಕಳೆದುಹೋಗುವುದು ಮಾಮೂಲು. ಅದು ಇಲ್ಲದೆ ಆ ತೂತಿನಿಂದ ಎಳೆದರೆ ಅನಿಲದ ಜೊತೆ ಎಣ್ಣೆಯೂ ಬರುತ್ತದೆ, ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಕಾಣುತ್ತದೆ, ಪಾಪ ಪಿಸ್ಟನ್ ರಿಂಗ್‌ಗಳ ಮೇಲೆ ಆರೋಪ ಬೀಳುತ್ತದೆ. ಇನ್ನು 1969ಕ್ಕೆ ಬಂದರೆ ಎಲ್ಲ ವ್ಯವಹಾರ ವಾಲ್ವ್ ಕವರ್‌ಗಳ ಮೇಲೆಯೇ. ಒಂದು ಕವರ್‌ನಲ್ಲಿ ಗ್ರೋಮೆಟ್, ಅದರಲ್ಲಿ ಪಿಸಿವಿ ವಾಲ್ವ್, ಅಲ್ಲಿಂದ 3/8 ಅಂಗುಲದ ಹೋಸ್ ಕಾರ್ಬ್ಯುರೇಟರ್ ತಳಕ್ಕೆ. ಇನ್ನೊಂದು ಕವರ್‌ನಿಂದ ಉಸಿರು ನಳಿಗೆ ಏರ್ ಕ್ಲೀನರ್‌ಗೆ. ಹೊಸ ಗಾಳಿ ಒಂದು ಬದಿಯಲ್ಲಿ ಇಳಿದು, ಸಿಲಿಂಡರ್ ಹೆಡ್‌ನ ಎಣ್ಣೆ ಇಳಿಯುವ ತೂತುಗಳ ಮೂಲಕ ಕ್ರ್ಯಾಂಕ್‌ಕೇಸ್ ಹೊಕ್ಕು, ಅಲ್ಲಿನ ಕೊಳೆಯನ್ನೆಲ್ಲ ಹೊತ್ತು ಇನ್ನೊಂದು ಬದಿಯಲ್ಲಿ ಮೇಲೇರಬೇಕು. ಎರಡರಲ್ಲಿ ಯಾವ ಬದಿ ಮುಚ್ಚಿದರೂ ಕೆಲಸ ಕೆಟ್ಟಿತು.

ಕವರ್‌ಗಳಿಂದ ಆರಂಭಿಸಿದೆ. ಕ್ರೋಮ್ ಕವರ್‌ಗಳನ್ನು ತಿರುವಿ ನೋಡಿದರೆ ಒಳಗೆ ಬೋಳು. ಪಿಸಿವಿ ತೂತಿನ ಕೆಳಗೆ ಎರಚಲನ್ನು ತಡೆಯಲು ಇರಬೇಕಾದ ಬ್ಯಾಫಲ್ ತಗಡೇ ಇರಲಿಲ್ಲ. ವಾಲ್ವ್ ಕವರ್‌ನ ಒಳಗೆ ವಾಲ್ವ್‌ಗಳನ್ನು ಒತ್ತುವ ರಾಕರ್‌ಗಳು ಎಣ್ಣೆ ಎರಚುತ್ತಲೇ ಇರುತ್ತವೆ. ಬ್ಯಾಫಲ್ ಇಲ್ಲದ ತೂತಿಗೆ ಪಿಸಿವಿ ಹಾಕಿದರೆ ಅದು ಅನಿಲದ ಬದಲು ಎಣ್ಣೆ ಕುಡಿಯುತ್ತದೆ. ಹಿಂದಿನ ಮಾಲೀಕರು ವಾಲ್ವ್ ತೆಗೆದು ಹಾಕಿದ್ದಕ್ಕೆ ಇದೂ ಕಾರಣ ಇದ್ದೀತು: ಮೊದಲು ಚೆಂದಕ್ಕೆ ಕವರ್ ಬದಲಿಸಿದರು, ಆಮೇಲೆ ಹೊಗೆ ಬಂತು, ಹೊಗೆಗೆ ಪಿಸಿವಿಯನ್ನು ದೂರಿದರು.

ಕಾರ್ಖಾನೆಯ ಕಾಲದ ಉಕ್ಕಿನ ಕವರ್‌ಗಳ ಜೋಡಿಯೊಂದು ಹಳೆಯ ಬಿಡಿಭಾಗಗಳ ಸಂತೆಯಲ್ಲಿ ಸಿಕ್ಕಿತು. ಯಾವುದಕ್ಕೆ ಕ್ರೋಮ್ ಲೇಪ, ಯಾವುದಕ್ಕೆ ಷೆವರ್ಲೆಯ ಕಿತ್ತಳೆ ಬಣ್ಣ ಎನ್ನುವುದು ಕಾರಿನ ಆಯ್ಕೆ ಪಟ್ಟಿಯ ಮೇಲೆ ನಿಂತಿದ್ದು. ಅದನ್ನು ಕಾರಿನ ಕಾಗದಪತ್ರ ನೋಡಿಯೇ ನಿರ್ಧರಿಸಬೇಕು. ನಾನು ಮೊದಲು ನೋಡಿದ್ದು ಒಳಮೈ. ಪಿಸಿವಿ ತೂತಿನ ಕೆಳಗೆ ಬ್ಯಾಫಲ್ ಇದೆ, ಸ್ಪಾಟ್ ವೆಲ್ಡ್‌ಗಳು ಗಟ್ಟಿ, ರಾಕರ್‌ಗಳ ಮೇಲೆ ಎಣ್ಣೆ ತೊಟ್ಟಿಕ್ಕಿಸುವ ಸಣ್ಣ ನಾಲಿಗೆಗಳೂ ಉಳಿದಿವೆ. ಬೇರೆ ಬಗೆಯ ದಪ್ಪ ರೋಲರ್ ರಾಕರ್ ಹಾಕಿದವರು ಈ ನಾಲಿಗೆಗಳನ್ನು ಬಗ್ಗಿಸಿಯೋ ಕತ್ತರಿಸಿಯೋ ಬಿಡುತ್ತಾರೆ, ಹಾಗಾಗಿ ಉಳಿದಿರುವ ಜೋಡಿ ಸಿಕ್ಕಿದ್ದು ಅದೃಷ್ಟ.

ಬ್ಯಾಫಲ್‌ನ ಹಿಂದೆ ಐದು ದಶಕದ ಮಸಿ ಗಟ್ಟಿಯಾಗಿ ಕೂತಿತ್ತು. ಬ್ರಷ್ ತಲುಪುವ ಜಾಗವಲ್ಲ ಅದು. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟು, ಮಧ್ಯೆ ಮಧ್ಯೆ ಅಲುಗಾಡಿಸಿ, ಕೊನೆಗೆ ಕಾರ್ಬ್ಯುರೇಟರ್ ಕ್ಲೀನರ್‌ನ ತೆಳು ನಳಿಗೆ ತೂರಿಸಿ ಸಿಂಪಡಿಸಿದ ಮೇಲೆ ಕಪ್ಪು ಚಕ್ಕೆಗಳು ಎದ್ದು ಬಂದವು. ಚಕ್ಕೆ ಬರುವುದು ನಿಲ್ಲುವ ತನಕ ಬಿಡಬಾರದು. ಅಲ್ಲಿ ಉಳಿದದ್ದು ನಾಳೆ ಹೊಸ ವಾಲ್ವ್‌ನೊಳಗೆ ಸಿಕ್ಕಿಕೊಳ್ಳುತ್ತದೆ.

ಆಮೇಲೆ ಅಂಚು. ಉಕ್ಕಿನ ಕವರ್‌ಗಳನ್ನು ಎಣ್ಣೆ ಸೋರಿತೆಂದು ಜನ ಬಿಗಿಯುತ್ತಾರೆ, ಬಿಗಿದಷ್ಟೂ ಬೋಲ್ಟ್ ತೂತಿನ ಸುತ್ತ ತಗಡು ಕೆಳಕ್ಕೆ ಕುಸಿಯುತ್ತದೆ, ನಡುವಿನ ಅಂಚು ಎದ್ದು ಇನ್ನಷ್ಟು ಸೋರುತ್ತದೆ. ಕವರನ್ನು ಗಾಜಿನ ಹಲಗೆಯ ಮೇಲೆ ಕವುಚಿಟ್ಟು ಅಡಿಯಿಂದ ಟಾರ್ಚ್ ಬಿಟ್ಟೆ. ನಾಲ್ಕು ಮೂಲೆ ಮಾತ್ರ ತಾಗಿ ಉಳಿದೆಡೆ ಬೆಳಕು ಹಾಯುತ್ತಿತ್ತು. ಗಟ್ಟಿ ಮರದ ತುಂಡಿನ ಮೇಲಿಟ್ಟು, ಸಣ್ಣ ಸುತ್ತಿಗೆಯಿಂದ ಒಳಬದಿಯಿಂದ ಮೆಲ್ಲಗೆ ಬಡಿದು, ಮತ್ತೆ ಗಾಜಿನ ಮೇಲಿಟ್ಟು ನೋಡಿ, ಬೆಳಕಿನ ಗೆರೆ ಕೂದಲೆಳೆಯಾಗುವವರೆಗೆ ಇದೇ ಕೆಲಸ. ತಾಳ್ಮೆ ಇಲ್ಲದವರು ಈ ಹಂತವನ್ನು ಬೇರೆಯವರಿಗೆ ಕೊಡುವುದು ಲೇಸು. ಜೋಡಿಸುವಾಗ ಬೋಲ್ಟ್‌ಗಳ ಕೆಳಗೆ ಭಾರ ಹರಡುವ ಉದ್ದನೆಯ ಪಟ್ಟಿಗಳನ್ನು ಹಾಕಿದೆ. ಬಿಗಿದದ್ದು ಬೇಕಾದಷ್ಟು ಮಾತ್ರ.

ಇನ್ನು ವಾಲ್ವ್. ಷೆವರ್ಲೆಯ ತಾಯಿ ಕಂಪನಿ ಜಿಎಂನ ಕಾರುಗಳಿಗೆ ಅಂದಿನ ಪಿಸಿವಿ ವಾಲ್ವ್ ಬರುತ್ತಿದ್ದುದು ಎಸಿ ಹೆಸರಿನಲ್ಲಿ. ಅದೂ ಫ್ಲಿಂಟ್‌ನದೇ, ಸ್ಪಾರ್ಕ್ ಪ್ಲಗ್‌ನ ಆಲ್ಬರ್ಟ್ ಚಾಂಪಿಯನ್ ಅವರ ಹೆಸರಿನ ಮೊದಲ ಅಕ್ಷರಗಳು. ವಾಲ್ವ್‌ನ ಲೋಹದ ಮೈಮೇಲೆ ಎಸಿ ಎಂಬ ಗುರುತು, 'ಸಿವಿ'ಯಿಂದ ಆರಂಭವಾಗುವ ಸಂಖ್ಯೆ. 'ಎಸಿ-ಡೆಲ್ಕೋ' ಎಂಬ ಜೋಡಿ ಹೆಸರು ಬಂದದ್ದು 1970ರ ದಶಕದ ನಡುವೆ. ಹಾಗಾಗಿ ಡೆಲ್ಕೋ ಎಂದು ಬರೆದ ವಾಲ್ವ್ ಎಷ್ಟೇ ಹಳೆಯ ಡಬ್ಬಿಯಲ್ಲಿದ್ದರೂ 1969ರ ಜೋಡಣೆಯ ಕಾಲದ್ದಲ್ಲ, ಸರ್ವಿಸ್‌ಗೆ ಬಂದದ್ದು. ಮಾರುವವರು ಇದನ್ನು ಹೇಳುವುದಿಲ್ಲ, ಕೊಳ್ಳುವವರು ಕೇಳಬೇಕು.

ಸಂತೆಯಲ್ಲೇ ಬಳಕೆಯಾಗದ ಹಳೆಯ ಎಸಿ ವಾಲ್ವ್ ಒಂದು ಸಿಕ್ಕಿತು. ಬೆಲೆ ಕೇಳಿ ಜೊತೆಗಿದ್ದ ಗೆಳೆಯರು ನಕ್ಕರು. ಅವರು ತೀರ್ಥಹಳ್ಳಿಯವರು, ಕಾರು ಕಂಪನಿಯೊಂದರಲ್ಲಿ ಹೊಗೆ ನಿಯಂತ್ರಣದ ವಿಭಾಗದಲ್ಲೇ ಕೆಲಸ.

"ಏನು ಮಾರಾಯರೇ, ಅಂಗಡಿಯಲ್ಲಿ ಐದು ಡಾಲರ್‌ಗೆ ಹೊಸದು ಸಿಗುವಾಗ ಈ ಮುದಿ ವಾಲ್ವಿಗೆ ಇಷ್ಟು ಸುರಿಯುತ್ತೀರಲ್ಲ?"

"ಕಾಣುವುದಕ್ಕೆ ಇದು ಬೇಕು."

"ಕಾಣುವುದಕ್ಕೆ ಸರಿ. ಎಳೆಯುವುದಕ್ಕೆ ಎಷ್ಟು ಎಳೆಯುತ್ತದೆ ಎಂದು ನೋಡಿದಿರಾ?"

ಅವರ ಪ್ರಶ್ನೆ ನ್ಯಾಯವಾದದ್ದು. ಪಿಸಿವಿ ವಾಲ್ವ್ ಎಂದರೆ ಒಳಗೆ ಒಂದು ಸ್ಪ್ರಿಂಗ್, ಮೊನಚು ತಲೆಯ ಒಂದು ಕಡ್ಡಿ, ಅಷ್ಟೇ. ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್‌ನ ನಿರ್ವಾತ ಹೆಚ್ಚು, 18 ಅಂಗುಲ ಪಾದರಸದ ಸುತ್ತಮುತ್ತ. ಆಗ ಕಡ್ಡಿ ಸ್ಪ್ರಿಂಗನ್ನು ಒತ್ತಿಕೊಂಡು ಮ್ಯಾನಿಫೋಲ್ಡ್ ಕಡೆಗೆ ಸರಿದು ದಾರಿಯನ್ನು ಕಿರಿದಾಗಿಸುತ್ತದೆ, ಸ್ವಲ್ಪವೇ ಗಾಳಿ ಹಾಯುತ್ತದೆ. ಹದವಾದ ವೇಗದಲ್ಲಿ ನಿರ್ವಾತ ಇಳಿದು ಕಡ್ಡಿ ನಡುವೆ ನಿಲ್ಲುತ್ತದೆ, ದಾರಿ ಅಗಲವಾಗುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ದಾರಿ ತೆರೆದಿದ್ದರೂ ಎಳೆಯಲು ನಿರ್ವಾತವೇ ಇರುವುದಿಲ್ಲ. ಆಗ ಹೆಚ್ಚಾದ ಅನಿಲ ಉಸಿರು ನಳಿಗೆಯಿಂದ ಏರ್ ಕ್ಲೀನರ್‌ಗೆ ಹೋಗುತ್ತದೆ. ಕಾರ್ಬ್ಯುರೇಟರ್‌ನಲ್ಲಿ ಬೆಂಕಿ ಹಿಂದಕ್ಕೆ ಹೊಡೆದರೆ ಕಡ್ಡಿ ಇನ್ನೊಂದು ತುದಿಗೆ ಬಡಿದು ಬಾಗಿಲು ಹಾಕುತ್ತದೆ. ಕ್ರ್ಯಾಂಕ್‌ಕೇಸ್‌ನಲ್ಲಿ ಉರಿಯಬಲ್ಲ ಆವಿ ತುಂಬಿರುವಾಗ ಈ ಕೊನೆಯ ಕೆಲಸ ಸಣ್ಣದಲ್ಲ.

ಅಂದರೆ ಸ್ಪ್ರಿಂಗ್‌ನ ಬಿಗಿಯೂ ಕಡ್ಡಿಯ ಆಕಾರವೂ ಆಯಾ ಎಂಜಿನ್‌ಗೆ ಲೆಕ್ಕ ಹಾಕಿ ಮಾಡಿದ್ದು. ಹೊರಗಿನ ಅಳತೆ ಹೊಂದಿದ ಮಾತ್ರಕ್ಕೆ ವಾಲ್ವ್ ಹೊಂದಿದಂತಲ್ಲ. 'ಅಲುಗಾಡಿಸಿದರೆ ಟಿಕ್ ಟಿಕ್ ಎನ್ನಬೇಕು' ಎಂಬ ಪರೀಕ್ಷೆ ಕಡ್ಡಿ ಅಂಟಿಕೊಂಡಿಲ್ಲ ಎಂದಷ್ಟೇ ಹೇಳುತ್ತದೆ. ನಾನು ಕೈಪಂಪು ಮತ್ತು ಗೇಜ್ ಕಟ್ಟಿ, ಅದೇ ಎಂಜಿನ್‌ಗೆ ಹೇಳಿದ ಹೊಸ ವಾಲ್ವ್ ಮತ್ತು ಹಳೆಯ ಎಸಿ ವಾಲ್ವ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಹೊಸದರಲ್ಲಿ ಕಡ್ಡಿ ನಯವಾಗಿ ಸರಿಯಿತು. ಹಳೆಯದು ಮೊದಲು ಕದಲಲಿಲ್ಲ, ಆಮೇಲೆ ಒಮ್ಮೆಲೇ ಟಪ್ ಎಂದು ತುದಿಗೆ ಹಾರಿತು. ಒಳಗಿನ ರಕ್ಷಣಾ ಎಣ್ಣೆ ಒಣಗಿ ಅರಗಿನಂತಾಗಿತ್ತು. ದ್ರಾವಕದಲ್ಲಿ ನೆನೆಸಿದ ಮೇಲೆ ಸರಾಗವಾಯಿತು, ಆದರೂ ಸ್ಪ್ರಿಂಗ್ ಹೊಸದಕ್ಕಿಂತ ತುಸು ಸಡಿಲ.

ಇಲ್ಲಿ ನನ್ನ ನಿಲುವು ಖಚಿತ. ಓಡುವ ಕಾರಿಗೆ ಹೊಸ ವಾಲ್ವ್. ಹಳೆಯ ಎಸಿ ವಾಲ್ವ್ ಪ್ಲಾಸ್ಟಿಕ್ ಚೀಲದಲ್ಲಿ, ಗ್ಲೋವ್ ಬಾಕ್ಸ್‌ನಲ್ಲಿ. ಪ್ರದರ್ಶನದ ತೀರ್ಪುಗಾರರು ಕೇಳಿದರೆ ಗ್ರೋಮೆಟ್‌ಗೆ ಅದನ್ನು ಚುಚ್ಚಲು ಅರ್ಧ ನಿಮಿಷ ಸಾಕು. ಉಳಿದ ಭಾಗಗಳಿಗೆ ಈ ರಿಯಾಯಿತಿ ಇಲ್ಲ. ಕವರ್, ನಳಿಗೆ, ಮುಚ್ಚಳ, ಕ್ಲಾಂಪ್ ಎಲ್ಲ ಅಂದಿನಂತೆಯೇ ಇರಬೇಕು, ಅವುಗಳಲ್ಲಿ ಹಳತು ಹೊಸತಿನ ಜಗಳ ಇಲ್ಲ.

ಹೋಸ್‌ನಲ್ಲಿ ಜನ ಮಾಡುವ ಉಳಿತಾಯ ನೋಡಿದರೆ ಸಿಟ್ಟು ಬರುತ್ತದೆ. ಹೀಟರ್ ಹೋಸ್ ಒಂದು ತುಂಡು ಕತ್ತರಿಸಿ ಪಿಸಿವಿಗೆ ಹಾಕುತ್ತಾರೆ. ಅದು ನೀರಿಗಾಗಿ ಮಾಡಿದ ರಬ್ಬರ್. ಎಣ್ಣೆಯ ಆವಿ ತಾಗಿ ಕೆಲವೇ ತಿಂಗಳಲ್ಲಿ ಒಳಗೋಡೆ ಉಬ್ಬುತ್ತದೆ, ಮೆತ್ತಗಾಗುತ್ತದೆ, ಬಿಸಿಯಾದಾಗ ನಿರ್ವಾತಕ್ಕೆ ಚಪ್ಪಟೆಯಾಗುತ್ತದೆ. ಹೊರಗಿನಿಂದ ಹೋಸ್ ಇದ್ದ ಹಾಗೆಯೇ ಕಾಣುತ್ತದೆ, ಒಳಗೆ ದಾರಿ ಬಂದ್. ಪಿಸಿವಿಗೆಂದೇ ಮಾಡಿದ, ಎಣ್ಣೆ ಆವಿ ತಾಳುವ ಹೋಸನ್ನೇ ತರಬೇಕು. ತಿರುಪಿನಿಂದ ಬಿಗಿಯುವ ಸ್ಟೀಲ್ ಪಟ್ಟಿಯೂ ಇಲ್ಲಿ ಶೋಭಿಸುವುದಿಲ್ಲ. ಸಣ್ಣ ಹೋಸ್‌ಗಳಿಗೆ ಕಾರ್ಖಾನೆಯಲ್ಲಿ ಹಾಕುತ್ತಿದ್ದುದು ಇಕ್ಕಳದಿಂದ ಹಿಂಡಿ ಕೂರಿಸುವ ಸ್ಪ್ರಿಂಗ್ ಕ್ಲಾಂಪ್. ಹೋಸ್ ಎಲ್ಲಿ ಬಾಗಬೇಕು, ಯಾವುದರ ಮುಂದೆ ಯಾವುದರ ಹಿಂದೆ ಹಾಯಬೇಕು ಎಂಬುದಕ್ಕೆ ಕಾರ್ಖಾನೆಯ ಜೋಡಣೆ ಕೈಪಿಡಿಯ ಚಿತ್ರಗಳೇ ಆಧಾರ. ಅದರ ಮರುಮುದ್ರಣ ಸುಲಭವಾಗಿ ಸಿಗುತ್ತದೆ. ಎಂಜಿನ್ ಭಾಗ ಆರನೆಯ ವಿಭಾಗದಲ್ಲಿದೆ. ಪ್ರದರ್ಶನದಲ್ಲಿ ಬೇರೆಯವರ ಕಾರಿನ ಫೋಟೊ ತೆಗೆದು ಅದರಂತೆ ಮಾಡಬೇಡಿ. ಅವರೂ ಇನ್ನೊಬ್ಬರ ಫೋಟೊ ನೋಡಿಯೇ ಮಾಡಿರುತ್ತಾರೆ.

ಏರ್ ಕ್ಲೀನರ್‌ಗೆ ಉಸಿರು ನಳಿಗೆ ಸೇರುವ ಜಾಗದಲ್ಲಿ ಲೋಹದ ಜಾಲರಿಯ ಜ್ವಾಲೆ ತಡೆ ಇರಬೇಕು. ಬೆಂಕಿ ಹಿಂದಕ್ಕೆ ಹೊಡೆದಾಗ ಉರಿ ಕವರ್‌ನೊಳಗೆ ಇಳಿಯದಿರಲು ಅದು. ಟೇಪು ಕಿತ್ತಾಗ ಅಲ್ಲಿ ಏನೂ ಇರಲಿಲ್ಲ. ಮರುತಯಾರಿಕೆಯದು ತಂದು ಕೂರಿಸಿದೆ.

ಎಲ್ಲ ಜೋಡಿಸಿದ ಮೇಲೆ ಪರೀಕ್ಷೆ. ಊರಿನಲ್ಲಿ ಮನೆ ಕಟ್ಟುವ ಗಾರೆಯವರು ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ನೋಡುತ್ತಾರಲ್ಲ, ಅದೇ ಪೈಪು ಇಲ್ಲಿಯೂ ಕೆಲಸಕ್ಕೆ ಬಂತು. ಹಲಗೆಯ ಮೇಲೆ ಯು ಆಕಾರದಲ್ಲಿ ಪೈಪನ್ನು ಕಟ್ಟಿ, ಬಣ್ಣದ ನೀರು ಹಾಕಿ, ಪಕ್ಕದಲ್ಲಿ ಅಡಿಕೋಲು ಅಂಟಿಸಿ, ಒಂದು ತುದಿಯನ್ನು ಡಿಪ್‌ಸ್ಟಿಕ್ ನಳಿಗೆಗೆ ಸಿಕ್ಕಿಸಿದರೆ ಕ್ರ್ಯಾಂಕ್‌ಕೇಸ್‌ನ ಒತ್ತಡ ಕಣ್ಣೆದುರೇ ಕಾಣುತ್ತದೆ. ಕ್ರೋಮ್ ಟೋಪಿಗಳಿದ್ದಾಗಲೇ ಒಮ್ಮೆ ಇದನ್ನು ಮಾಡಿದ್ದೆ. ಎರಡೂ ಟೋಪಿಗಳ ಬಾಯಿಯನ್ನು ಅರೆಕ್ಷಣ ಮುಚ್ಚಿದರೆ ನೀರು ಹೊರತುದಿಯತ್ತ ಏರತೊಡಗಿತ್ತು; ಅಷ್ಟರಲ್ಲಿ ಬಿಟ್ಟುಬಿಟ್ಟೆ. ಆ ತಳ್ಳುವಿಕೆಯೇ ಹಿಂಭಾಗದ ಸೀಲ್‌ನ ಮೇಲೆ ಬೀಳುವುದು.

ಹೊಸ ಜೋಡಣೆಯಲ್ಲಿ ಐಡ್ಲಿಂಗ್‌ನಲ್ಲಿ ಉಸಿರು ನಳಿಗೆಯನ್ನು ಹಿಸುಕಿ ಹಿಡಿದರೆ ನೀರು ಎಂಜಿನ್ ಕಡೆಗೆ ಚೆನ್ನಾಗಿ ಎಳೆಯಬೇಕು, ಏಕೆಂದರೆ ಪಿಸಿವಿ ಎಳೆಯುತ್ತಿದೆ, ಒಳಗೆ ಬರುವ ದಾರಿ ಇಲ್ಲ. ಎಳೆಯಲಿಲ್ಲ. ಅರ್ಧ ಅಂಗುಲ ಅಲ್ಲಾಡಿ ನಿಂತಿತು. ಎಲ್ಲೋ ಬೇರೆ ಕಡೆಯಿಂದ ಗಾಳಿ ನುಗ್ಗುತ್ತಿದೆ ಎಂದಾಯಿತು. ಡಿಸ್ಟ್ರಿಬ್ಯೂಟರ್ ಬುಡದ ಗ್ಯಾಸ್ಕೆಟ್, ಫ್ಯೂಯೆಲ್ ಪಂಪ್‌ನ ಗ್ಯಾಸ್ಕೆಟ್, ಕವರ್‌ಗಳ ಅಂಚು, ಎಣ್ಣೆ ಮುಚ್ಚಳ. ತೆಳು ಹೋಸ್‌ನ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಈ ಸಂದಿಗಳ ಸುತ್ತ ಆಡಿಸುತ್ತ ಬಂದೆ. ಪಿಸಿವಿ ಗ್ರೋಮೆಟ್‌ನ ಹತ್ತಿರ ಸುಯ್ ಎಂಬ ಸದ್ದು. ಮರುತಯಾರಿಕೆಯ ಗ್ರೋಮೆಟ್ ಅದು. ಒಳತೂತು ತುಸು ಅಗಲ. ವಾಲ್ವನ್ನು ಬೆರಳಿನಿಂದ ಅಲ್ಲಾಡಿಸಿದರೆ ಓಲಾಡುತ್ತಿತ್ತು, ಸುತ್ತಲಿನ ಸಂದಿಯಿಂದ ಹೊರಗಿನ ಗಾಳಿ ನೇರ ಒಳಗೆ ಹೋಗುತ್ತಿತ್ತು. ಬೇರೆ ತಯಾರಕರ ಗ್ರೋಮೆಟ್ ತಂದೆ. ಅದರೊಳಗೆ ವಾಲ್ವ್ ಕೂರಿಸಲು ಸ್ವಲ್ಪ ಎಣ್ಣೆ ಹಚ್ಚಿ ತಿರುಚಿ ಒತ್ತಬೇಕಾಯಿತು, ಹಾಗೆಯೇ ಇರಬೇಕು. ಈ ಸಲ ನಳಿಗೆ ಹಿಸುಕಿದಾಗ ನೀರು ನಾಲ್ಕು ಅಂಗುಲಕ್ಕೂ ಹೆಚ್ಚು ಎಳೆಯಿತು. ಬಿಟ್ಟಾಗ ಸೊನ್ನೆಗಿಂತ ಕೂದಲಷ್ಟು ಕೆಳಗೆ ನಿಂತಿತು. ಎಂಜಿನ್‌ನ ವೇಗ ಏರಿಸಿದರೂ ಸೊನ್ನೆ ದಾಟಿ ಮೇಲೆ ಬರಲಿಲ್ಲ.

ಕಾರ್ಬ್ಯುರೇಟರ್ ಹೊಂದಿಕೆಯನ್ನು ಮತ್ತೆ ಮಾಡಲೇಬೇಕು. ಪಿಸಿವಿ ಎಂದರೆ ಲೆಕ್ಕ ಹಾಕಿ ಬಿಟ್ಟ ಸೋರಿಕೆ. ಕ್ವಾಡ್ರಾಜೆಟ್‌ನ ಐಡ್ಲಿಂಗ್ ದಾರಿಗಳನ್ನು ಆ ಗಾಳಿಯೂ ಬರುತ್ತದೆ ಎಂದುಕೊಂಡೇ ಕೊರೆದಿರುತ್ತಾರೆ. ಬಿರಡೆ ಇದ್ದಾಗ ಯಾರೋ ಅದಕ್ಕೆ ತಕ್ಕಂತೆ ತಿರುಪುಗಳನ್ನು ತಿರುಗಿಸಿದ್ದರು. ಈಗ ಗಾಳಿ ಸೇರಿದ ಕೂಡಲೇ ಐಡ್ಲಿಂಗ್ ಏರಿತು, ಮಿಶ್ರಣ ತೆಳುವಾಗಿ ಎಂಜಿನ್ ಸಣ್ಣಗೆ ನಡುಗಿತು. ನಿರ್ವಾತದ ಗೇಜ್ ಕಟ್ಟಿ ಎರಡೂ ಮಿಶ್ರಣ ತಿರುಪುಗಳನ್ನು ಕಾಲು ಸುತ್ತಿನಂತೆ ಹೊರಬಿಟ್ಟು, ಮುಳ್ಳು ಅತಿ ಹೆಚ್ಚು ಏರಿ ಸ್ಥಿರವಾದಲ್ಲಿ ನಿಲ್ಲಿಸಿ, ವೇಗವನ್ನು ಇಳಿಸಿದೆ. ಈಗ ಪಿಸಿವಿ ಹೋಸ್ ಹಿಸುಕಿದರೆ ಟ್ಯಾಕೋಮೀಟರ್ 50ರಷ್ಟು ಇಳಿಯುತ್ತದೆ, ಬಿಟ್ಟರೆ ಮತ್ತೆ ಏರುತ್ತದೆ. ವಾಲ್ವ್ ಬದುಕಿದೆ ಎಂದು ತಿಳಿಯಲು ಇನ್ನು ಮುಂದೆ ಇಷ್ಟು ಸಾಕು.

ಫೋರ್ಡ್ ಇಟ್ಟುಕೊಂಡವರಿಗೆ ಒಂದು ಮಾತು, ಅವರ ಹುಡುಕಾಟ ಒಂದು ರೀತಿಯಲ್ಲಿ ಸುಲಭ. ಫೋರ್ಡ್‌ನ ಬಿಡಿಭಾಗ ಸಂಖ್ಯೆಯ ನಡುಭಾಗ ಆ ವಸ್ತು ಏನೆಂದು ಹೇಳಿಬಿಡುತ್ತದೆ: 6ಎ666 ಎಂದರೆ ಪಿಸಿವಿ ವಾಲ್ವ್, 6766 ಎಂದರೆ ಎಣ್ಣೆ ಮುಚ್ಚಳ. ಸಂಖ್ಯೆಯ ಆರಂಭದ ಅಕ್ಷರಗಳಲ್ಲಿ 'ಸಿ' 1960ರ ದಶಕ, ಅದರ ಪಕ್ಕದ ಅಂಕಿ ವರ್ಷ, ಆಮೇಲಿನ 'ಝಡ್' ಬಂದರೆ ಮಸ್ಟಾಂಗ್. ವಾಲ್ವ್ ಮೇಲಿನ ಹೆಸರನ್ನೂ ನೋಡಿ. 1961ರಲ್ಲಿ ಫೋರ್ಡ್ ಕೊಂಡ ಆಟೊಲೈಟ್ ಹೆಸರನ್ನು 1972ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಬಿಟ್ಟುಕೊಡಬೇಕಾಯಿತು, ಆ ಜಾಗಕ್ಕೆ ಮೋಟಾರ್‌ಕ್ರಾಫ್ಟ್ ಬಂತು. 1969ರ ಮಸ್ಟಾಂಗ್‌ನಲ್ಲಿ ಮೋಟಾರ್‌ಕ್ರಾಫ್ಟ್ ವಾಲ್ವ್ ಕೆಲಸ ಚೆನ್ನಾಗಿಯೇ ಮಾಡುತ್ತದೆ, ಅಸಲಿ ಎಂದು ಹೇಳಿಕೊಳ್ಳುವಂತಿಲ್ಲ.

ಮಿಷಿಗನ್‌ನಲ್ಲಿ ಈಗ ಕಾರುಗಳ ಹೊಗೆ ತಪಾಸಣೆ ಇಲ್ಲ. ಹಾಗಾಗಿ ಟೋಪಿಗಳನ್ನು ಹಾಗೆಯೇ ಇಟ್ಟುಕೊಂಡಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆಗಸ್ಟ್‌ನಲ್ಲಿ ವುಡ್‌ವರ್ಡ್ ರಸ್ತೆಯ ಹಳೆಯ ಕಾರುಗಳ ಮೆರವಣಿಗೆಗೆ ಹೋದರೆ ಸಾಲಿನಲ್ಲಿ ಅರ್ಧಕ್ಕರ್ಧ ಕಾರುಗಳು ಅದೇ ಟೋಪಿ ತೊಟ್ಟು ಬಂದಿರುತ್ತವೆ, ಹಿಂದೆ ನಿಂತವರ ಬಟ್ಟೆಗೆಲ್ಲ ವಾಸನೆ.

ಮೊದಲ ಉದ್ದನೆಯ ಓಡಾಟದ ನಂತರ ಎಣ್ಣೆ ಮುಚ್ಚಳ ತೆಗೆದು ನೋಡಿದೆ. ತೆಳುವಾದ ಎಣ್ಣೆ ಪದರ ಬಿಟ್ಟರೆ ನೊರೆ ಇಲ್ಲ. ಗ್ಯಾರೇಜಿನ ಕಮಟು ಹೋಗಿದೆ. ಕೆಸರು ಬೆರೆತಿದ್ದ ಎಣ್ಣೆಯನ್ನು ಬದಲಿಸಿದ್ದೇನೆ, ಬೇಗನೆ ಇನ್ನೊಮ್ಮೆ ಬದಲಿಸುತ್ತೇನೆ. ಹಿಂಭಾಗದ ಸೀಲ್‌ನ ಹನಿ ಕಡಿಮೆಯಾಗಿದೆ, ನಿಂತಿಲ್ಲ. ಒತ್ತಡದಿಂದ ಸವೆದ ತುಟಿಯನ್ನು ಪಿಸಿವಿ ವಾಸಿ ಮಾಡಲಾರದು. ಈ ಎಂಜಿನ್‌ನಲ್ಲಿ ಅದು ಎರಡು ತುಂಡಿನ ಸೀಲ್ ಆದ್ದರಿಂದ ಗೇರ್‌ಬಾಕ್ಸ್ ಇಳಿಸುವ ಅಗತ್ಯವಿಲ್ಲ. ಎಂಜಿನ್ನನ್ನು ತುಸು ಎತ್ತಿ ಆಯಿಲ್ ಪ್ಯಾನ್ ಇಳಿಸಿದರೆ ಕೈಗೆ ಸಿಗುತ್ತದೆ. ಚಳಿಗಾಲಕ್ಕೆ ಅದನ್ನು ಹಿಡಿಯುತ್ತೇನೆ.